ಅಟ್ಟದ ಪಿಸ್ತೂಲೂ ತುಕ್ಕಿನ ಲೆಕ್ಕವೂ

ನಮ್ಮ ಕಡೆ ಮನೆಗಳಲ್ಲಿ ತುಕ್ಕು ಕಂಡ್ರೆ ಕೈ ಸುಮ್ಮನಿರೋದಿಲ್ಲ. ದೋಸೆ ಕಾವಲಿಗೆ ಈರುಳ್ಳಿ ಎಣ್ಣೆ, ಕುಡ್ಲು ಮಚ್ಚಿಗೆ ಹರಳೆಣ್ಣೆ, ತಾಮ್ರ ಹಿತ್ತಾಳೆಯ ಕಿಲುಬಿಗೆ ಹುಣಸೆಹಣ್ಣು. ಎಲ್ಲಕ್ಕೂ ಒಂದೇ ಮದ್ದು, ಉಜ್ಜು. ಆದರೆ ಉಜ್ಜಬಾರದ ತುಕ್ಕೂ ಒಂದದೆ. ಇವತ್ತು ಅದರ ಕತೆ.

ನಾನು ನಂಜನಗೂಡಿನವಳು, ಕೊಟ್ಟಿದ್ದು ತಿರುಮಕೂಡಲು ನರಸೀಪುರದ ಕಡೆಗೆ. ಕಪಿಲೆ ಹರಿದು ಹೋಗಿ ಕಾವೇರಿ ಸೇರೋ ದಾರೀಲೇ ನಾನೂ ಹೋದೆ ಅನ್ನಿ. ಗಂಡನ ಮನೆ ಅಟ್ಟದ ಮರದ ಪೆಟ್ಟಿಗೇಲಿ ಹಳೇ ದಸ್ತಾವೇಜು, ಸೇರು ಪಾವುಗಳ ಜೊತೆ ಒಂದು ಪಿಸ್ತೂಲು ಅದೆ. ಕೆಂಪಗೆ ತುಕ್ಕು ಹಿಡಿದು ಸುಟ್ಟ ಗೆಣಸಿನ ಹಾಗೆ ಕಾಣ್ತದೆ. ಹಿಡಿಯ ಮರ ಅರ್ಧ ಹುಳ ತಿಂದದೆ. ಕುದುರೆ ಅಲ್ಲಾಡೋದಿಲ್ಲ.

ನಮ್ಮತ್ತೆ ಹೇಳೋದು ಒಂದೇ ಮಾತು: "ನಮ್ಮಾವನವ್ರ ಕಾಲ್ದಿಂದ್ಲೂ ಇದು ಟಿಪ್ಪು ಪಿಸ್ತೂಲೇ ಕನವ್ವ."

ಈ ಮಾತನ್ನ ನಕ್ಕು ತಳ್ಳಿಹಾಕೋ ಹಾಗಿಲ್ಲ. 1799ರ ಮಾರ್ಚ್ 27ಕ್ಕೆ ಮಳವಳ್ಳಿ ಹತ್ರ ಟಿಪ್ಪುವಿನ ಸೈನ್ಯಕ್ಕೂ ಜನರಲ್ ಹ್ಯಾರಿಸನ ಸೈನ್ಯಕ್ಕೂ ಕಾಳಗ ಆಯ್ತು. ಆಮೇಲೆ ಇಂಗ್ಲಿಷರು 1791ರಲ್ಲಿ ಕಾರ್ನ್‌ವಾಲಿಸ್ ಬಂದಿದ್ದ ದಾರಿ ಹಿಡೀಲಿಲ್ಲ. ನಮ್ಮ ತಾಲ್ಲೂಕಿನ ಸೋಸಲೆ ಹತ್ರ ಕಾವೇರಿ ಹಾದು ತೆಂಕಣ ದಡಕ್ಕೆ ಬಂದ್ರು. ಅಲ್ಲಿಂದ ಶ್ರೀರಂಗಪಟ್ಟಣಕ್ಕೆ. ಮೇ 4ಕ್ಕೆ ಕೋಟೆ ಬಿತ್ತು, ಟಿಪ್ಪು ಸತ್ತ. ದಂಡು ಹಾದುಹೋದ ಕಡೆ ಒಂದು ಪಿಸ್ತೂಲು ಉಳಿಯೋದು ಆಶ್ಚರ್ಯ ಏನಲ್ಲ. ಹಾಗಂತ ದಂಡು ಹಾದದ್ದೇ ನಮ್ಮ ಪಿಸ್ತೂಲಿಗೆ ಸಾಕ್ಷಿ ಅಂತಲೂ ಅನ್ನೋಕಾಗೋದಿಲ್ಲ.

ಹೋದ ವರ್ಷ ನನ್ನ ಮೈದುನನಿಗೆ ಹವ್ಯಾಸ ಹತ್ತಿಕೊಳ್ತು. ಫೋನಲ್ಲಿ ಯಾರೋ ತುಕ್ಕು ಪಿಸ್ತೂಲನ್ನ ಕನ್ನಡಿ ಹಾಗೆ ಹೊಳೆಸೋದನ್ನ ನೋಡಿದ್ದ. ಉಪ್ಪುಕಾಗದ, ವೈರ್ ಬ್ರಷ್, ಬಟ್ಟೆ ಸೋಡ, ಬ್ಯಾಟರಿ ಚಾರ್ಜರ್ ಎಲ್ಲ ತಂದು ಜಗುಲಿ ಮೇಲೆ ಹರಡಿದ. "ಅತ್ಗೆ, ಒಂದ್ ಭಾನ್ವಾರ ಕೊಡಿ ಸಾಕು, ಫಳಫಳ ಅನ್ನಿಸ್ಬುಡ್ತೀನಿ" ಅಂದ. "ಮೊದ್ಲು ಒಂದೆರಡು ವಿಷ್ಯ ನೋಡಾನ, ತಡಿಯಪ್ಪ" ಅಂದೆ.

ಮೊದಲನೇದು ಜೀವದ ವಿಷಯ. ಹಳೇ ಕೋವಿಗೆ ಬಾಯಿಂದಲೇ ಮದ್ದು ತುಂಬಿ ಗುಂಡು ಜಡೀತಿದ್ರು. ತುಂಬಿದ್ದನ್ನ ಹಾರಿಸದೆ ಹಾಗೇ ಇಟ್ಟದ್ದೂ ಉಂಟು. ಕರಿಮದ್ದು ಒಣಗಿದ್ದರೆ ನೂರು ವರ್ಷ ಕಳೆದರೂ ಹೊತ್ತಿಕೊಳ್ತದೆ. ಅದರ ಮೇಲೆ ಕಿಡಿ ಹಾರೋ ಉಜ್ಜುಗಲ್ಲು ತಿರುಗಿಸೋದು ಹುಡುಗಾಟ ಅಲ್ಲ.

ಎರಡನೇದು ಕಾನೂನು. 1857ರ ದಂಗೆ ಆದ ಮೇಲೆ ಇಂಗ್ಲಿಷರಿಗೆ ನಮ್ಮ ಜನರ ಕೈಲಿ ಆಯುಧ ಕಂಡ್ರೆ ಭಯ. 1878ರ ಆಯುಧ ಕಾಯಿದೆ ಬಂದು ಬಂದೂಕಿಗೆ ಲೈಸೆನ್ಸು ಬೇಕು ಅಂತಾಯ್ತು. ಪಕ್ಕದ ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇಂದಿಗೂ ವಿನಾಯಿತಿ ಅದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರ ತನಕ ಮುಂದುವರಿಸ್ತು. ಮೈಸೂರು ಸೀಮೆಯ ನಮಗೆ ಆ ಭಾಗ್ಯ ಇಲ್ಲ. ಈಗಿರೋದು 1959ರ ಕಾಯಿದೆ. ಅದರ 45ನೇ ಕಲಮಿನಲ್ಲಿ ಒಂದು ಮಾತದೆ: ಹಳೇ ಮಾದರಿಯದೋ, ಪುರಾತನ ಬೆಲೆಯದೋ, ಕೆಟ್ಟುಹೋದದ್ದೋ ಆದ ಆಯುಧ, ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸೋಕೆ ಬಾರದ್ದಾದರೆ, ಈ ಕಾಯಿದೆ ಅದಕ್ಕೆ ತಗುಲೋದಿಲ್ಲ. ರಿಪೇರಿ ಮಾಡಿದರೂ ಅನ್ನೋದನ್ನ ಗಮನಿಸಿ. ಅಂದ್ರೆ ಕುದುರೆ ಆಡಿಸಿ, ಸ್ಪ್ರಿಂಗು ಹಾಕಿ, ನಳಿಗೆ ತೊಳೆದು ಸರಿಮಾಡಿದ ದಿನವೇ ಅದು ಬಂದೂಕು. ಲೈಸೆನ್ಸಿಲ್ಲದೆ ಬಂದೂಕು ರಿಪೇರಿ ಮಾಡೋದೇ ಅಪರಾಧ. ಮೈದುನ ತೆಗೀಬೇಕು ಅಂತಿದ್ದ ತುಕ್ಕೇ ನಮ್ಮನ್ನ ಕಾಯ್ತಾ ಇತ್ತು.

ಹಾಗಾಗಿ ಠಾಣೆಗೆ ಬರವಣಿಗೆಯಲ್ಲಿ ತಿಳಿಸಿದ್ವಿ. ಬಂದೂಕು ಬಲ್ಲವರೊಬ್ಬರು ಬಂದು ನೋಡಿದ್ರು. ಒಳಗೆ ಮದ್ದಿಲ್ಲ, ನಳಿಗೆಯ ಬುಡವೇ ತುಕ್ಕಿಗೆ ತೂತುಬಿದ್ದದೆ, ಇದು ಇನ್ನು ಸಿಡಿಯೋ ಸಾಮಾನಲ್ಲ ಅಂದ್ರು. ಅದನ್ನೇ ಬರೆಸಿಕೊಂಡು ಪೆಟ್ಟಿಗೇಲಿ ಇಟ್ಟಿದೀವಿ.

ಮೂರನೇದು ಚರಿತ್ರೆಯ ವಿಷಯ, ನನಗೆ ಮುಖ್ಯವಾದ್ದು ಇದೇ. ಟಿಪ್ಪು ಕಾಲದ ಪಿಸ್ತೂಲು ಚಕಮಕಿ ಕಲ್ಲಿನದು. ಕಲ್ಲು ಉಕ್ಕಿನ ತಗಡಿಗೆ ಹೊಡೆದು ಕಿಡಿ ಹಾರಿ, ಪಕ್ಕದ ಪುಟ್ಟ ಬಟ್ಟಲಲ್ಲಿದ್ದ ಮದ್ದು ಹೊತ್ತಿಕೊಳ್ತಿತ್ತು. ಆಮೇಲೆ ಬಂದದ್ದು ಟೋಪಿಯ ಪದ್ಧತಿ: ನಳಿಗೆ ಬುಡದ ಸಣ್ಣ ಮೊಳೆಯಂಥ ಕೊಳವೆಗೆ ತಾಮ್ರದ ಟೋಪಿ ತೊಡಿಸಿ, ಸುತ್ತಿಗೆಯಿಂದ ಹೊಡೆದು ಸಿಡಿಸೋದು. ಬಡಿದರೆ ಸಿಡಿಯೋ ಮದ್ದನ್ನ ಬಂದೂಕಿಗೆ ಬಳಸೋ ಉಪಾಯಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಫೋರ್ಸಿತ್ 1807ರಲ್ಲಿ ಪೇಟೆಂಟ್ ಪಡೆದ. ತಾಮ್ರದ ಟೋಪಿ ಬಳಕೆಗೆ ಬಂದದ್ದು ಅದಕ್ಕೂ ಆಮೇಲೆ. ನಮ್ಮ ಪಿಸ್ತೂಲಿಗೆ ಇರೋದು ಟೋಪಿಯ ಕೊಳವೆ. ಅಂದ್ರೆ ಅತ್ತೆಯವರ ಮಾತು ಸುಳ್ಳಾಯ್ತಾ?

ಪೂರ್ತಿ ಇಲ್ಲ. ಟೋಪಿ ಬಂದ ಮೇಲೆ ಎಷ್ಟೋ ಚಕಮಕಿ ಬಂದೂಕುಗಳನ್ನ ಬಿಸಾಕದೆ ಟೋಪಿಗೆ ಮಾರ್ಪಡಿಸಿದ್ರು. ಹಾಗೆ ಮಾಡಿದ್ರೆ ಪಕ್ಕದ ತಗಡಿನಲ್ಲಿ ಹಳೇ ಬಟ್ಟಲಿನ, ಸ್ಕ್ರೂಗಳ ತೂತು ಮುಚ್ಚಿದ ಗುರುತು ಉಳೀತದೆ. ಈ ಗುರುತು ಇರೋದೇ ತುಕ್ಕಿನ ಪದರದೊಳಗೆ. ತುಕ್ಕು ಹೊರಗಿಂದ ಬಂದು ಕೂತ ಧೂಳಲ್ಲ, ಕಬ್ಬಿಣವೇ ತುಕ್ಕಾಗಿರೋದು. ಅಕ್ಷರ ಕೆತ್ತಿದ್ದ, ಗುರುತು ಒತ್ತಿದ್ದ ಮೇಲ್ಮೈಯೇ ಈಗ ತುಕ್ಕಾಗಿ ನಿಂತಿರ್ತದೆ. ಉಪ್ಪುಕಾಗದ ಹಾಕಿದ್ರೆ ಮೊದಲು ಹೋಗೋದು ಅದೇ. ನಿಂಬೆ, ಹುಣಸೆಯ ಹುಳಿ ತುಕ್ಕು ಮುಗಿದ ಮೇಲೂ ನಿಲ್ಲೋದಿಲ್ಲ, ಒಳಗಿನ ಕಬ್ಬಿಣವನ್ನೂ ತಿಂತದೆ. ಸೋಡ ನೀರಿಗೆ ಕರೆಂಟು ಕೊಟ್ರೆ ಪದರ ಸಡಿಲಾಗಿ ಉದುರ್ತದೆ, ಗುರುತೂ ಅದರ ಜೊತೆ ಹೋಗಬಹುದು. ಹೊತ್ತಿಕೊಳ್ಳೋ ಹೈಡ್ರೋಜನ್ ಬೇರೆ ಏಳ್ತದೆ.

2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ, ಹಳೇ ಬಿದನೂರಿನಲ್ಲಿ, ಹಾಳು ಬಾವಿಯಿಂದ ಟಿಪ್ಪು ಕಾಲದವು ಅನ್ನೋ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳನ್ನ ಪುರಾತತ್ವ ಇಲಾಖೆಯವರು ತೆಗೆದ್ರು. ಎಲ್ಲ ತುಕ್ಕು ಹಿಡಿದ ಕಬ್ಬಿಣದ ಕೊಳವೆ. ಗುಜರಿಯವನ ಕಣ್ಣಿಗೆ ಅವು ತೂಕಕ್ಕೆ ಹಾಕೋ ಸಾಮಾನು. ಬಲ್ಲವರು ಅಳೆದು, ಒಳಗಿನ ಮದ್ದು ನೋಡಿದ್ದಕ್ಕೇ ಅವು ಮೈಸೂರಿನ ಚರಿತ್ರೆ ಆದವು.

ನಮ್ಮದಕ್ಕೆ ಮಾಡಿದ್ದು ಇಷ್ಟೇ. ಒಣ ಬಣ್ಣದ ಕುಂಚದಿಂದ ಧೂಳು ಕೊಡವಿ, ಚೂಪು ಮಾಡಿದ ಬಿದಿರು ಕಡ್ಡಿಯಿಂದ ಸಡಿಲ ಹಕ್ಕಳೆ ಮಾತ್ರ ಎಬ್ಬಿಸಿದ್ವಿ. ಹೊಲಿಗೆ ಮಿಷಿನ್ನಿನ ಎಣ್ಣೆಯನ್ನ ಬಟ್ಟೆಗೆ ಹಾಕಿ ಕಬ್ಬಿಣಕ್ಕೆ ತೆಳ್ಳಗೆ ಸವರಿದ್ವಿ. ಮರಕ್ಕೆ ಎಣ್ಣೆ ತಾಗಿಸಲಿಲ್ಲ. ನಾಲ್ಕು ಭಾನುವಾರ ಹಿಡೀತು. ನಾಲ್ಕನೇ ಭಾನುವಾರ ಮೈದುನ ಭೂತಗನ್ನಡಿ ಹಿಡಿದು ಕೂತವನು ಕೂಗಿದ: "ಅತ್ಗೆ, ಬನ್ನಿ ಇಲ್ಲಿ! ಎರಡ್ ಚುಕ್ಕಿ ಅವೆ ಕನ!" ತಗಡಿನ ಮೇಲೆ ರಾಗಿ ಕಾಳಿಗಿಂತ ಕೊಂಚ ದೊಡ್ಡದಾದ, ಗುಂಡನೆಯ, ಬಣ್ಣ ಬೇರೆಯಾದ ಎರಡು ಮುಚ್ಚಿದ ತೂತು.

ಅಲ್ಲಿಗೆ ಅದು ಮೊದಲು ಚಕಮಕಿಯದೇ ಆಗಿತ್ತು ಅನ್ನಬಹುದು. ಚಕಮಕಿ ಪಿಸ್ತೂಲು ಟಿಪ್ಪು ಕಡೆಯವರಲ್ಲೂ ಇದ್ದವು, ಇಂಗ್ಲಿಷರಲ್ಲೂ ಇದ್ದವು, 1799 ಆದ ಮೇಲೂ ತಯಾರಾದವು. ಯಾರ ಸೊಂಟದಲ್ಲಿತ್ತೋ ಹೇಳೋಕೆ ಆ ಚುಕ್ಕಿಗಳಿಗೆ ಬಾಯಿಲ್ಲ. ಅತ್ತೆಯವರಿಗೆ ಇಷ್ಟೂ ವಿವರ ಹೇಳಿದೆ. "ಅಂಗಾರೆ ನಮ್ಮಾವ ಸುಳ್ಳೇಳ್ಲಿಲ್ಲ ಬುಡು" ಅಂದ್ರು.

ನಿಮ್ಮ ಅಟ್ಟದಲ್ಲೂ ಇಂಥದ್ದಿದ್ರೆ, ಉಜ್ಜೋ ಮೊದಲು ಠಾಣೆಗೆ ತಿಳಿಸಿ, ಆಮೇಲೆ ಎಲ್ಲ ಮಗ್ಗುಲಿಂದ ಫೋಟೊ ತೆಗೀರಿ, ಅಳತೆ ಬರೆದಿಡಿ. ಆಯುಧಪೂಜೆ ದಿನ ಅರಿಸಿನ ಕುಂಕುಮ ಇಡಲೇಬೇಕು ಅನ್ನಿಸಿದ್ರೆ ಸುತ್ತಿದ ಬಟ್ಟೆ ಮೇಲಿಡಿ. ನಿಂಬೆಹಣ್ಣು ಮಾತ್ರ ಕಬ್ಬಿಣಕ್ಕೆ ತಾಗೋದು ಬೇಡ.