ಆಟಿಯಲ್ಲಿ ಹೆಂಚು ಒಣಗುವುದಿಲ್ಲ

ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಅರ್ಥಶಾಸ್ತ್ರ ಹೇಳಿಕೊಟ್ಟೆ. ಋತುಮಾನದ್ದು, ರಚನಾತ್ಮಕ, ಮರೆಮಾಚಿದ್ದು ಎಂದು ನಿರುದ್ಯೋಗದ ಬಗೆಗಳನ್ನು ಬೋರ್ಡಿನ ಮೇಲೆ ಬರೆಯುವಾಗಲೆಲ್ಲ ನನ್ನ ಕಣ್ಣಿಗೆ ಬರುತ್ತಿದ್ದದ್ದು ನೇತ್ರಾವತಿಯ ದಡದ ಒಂದು ಹೆಂಚಿನ ಕಾರ್ಖಾನೆ. ತಲೆಯ ಮೇಲೆ ಹಸಿ ಹೆಂಚು ಹೊತ್ತು ಅಟ್ಟಗಳ ನಡುವೆ ನಡೆಯುತ್ತಿದ್ದ ಅಮ್ಮ.

ಮಂಗಳೂರಿನಲ್ಲಿ ಈ ಉದ್ಯಮ ಹುಟ್ಟಿದ್ದೇ ಕೆಲಸ ಕಳೆದುಕೊಂಡವರಿಗಾಗಿ. 1834ರಲ್ಲಿ ಬಂದ ಬಾಸೆಲ್ ಮಿಶನ್ನಿನವರಿಂದ ಕ್ರೈಸ್ತರಾದವರಲ್ಲಿ ಬಿಲ್ಲವರು ಬಹಳ ಮಂದಿ. ಶೇಂದಿ ಇಳಿಸುವ ಕುಲಕಸುಬು ಮಿಶನ್ನಿಗೆ ಒಪ್ಪಿಗೆಯಿರಲಿಲ್ಲ. ಇತ್ತ ಮನೆಯವರು ಹೊರಗಿಟ್ಟರು, ಸಂಬಂಧಗಳು ಕಡಿದವು. ತಾಳೆಮರ ಹತ್ತಬಲ್ಲ ಗಟ್ಟಿ ಕೈಕಾಲು ಇದ್ದೂ ಅನ್ನಕ್ಕೆ ದಾರಿಯಿಲ್ಲ. ನಂಬಿಕೆ ಬದಲಿಸಿದ್ದಕ್ಕೆ ಕೆಲಸ ಹೋಗುವ ಈ ಬಗೆ ನಾನು ಪಾಠ ಮಾಡಿದ ಪುಸ್ತಕದ ಪಟ್ಟಿಯಲ್ಲಿ ಇರಲೇ ಇಲ್ಲ. ಜಾತಿಯೇ ಕಸುಬನ್ನು ಹಂಚುವ ನಾಡಿನಲ್ಲಿ ಅದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು.

ಹೀಗೆ ಕಸುಬು ಕಳೆದುಕೊಂಡವರಿಗಾಗಿ ಮಿಶನ್ ಮಗ್ಗ ಹೂಡಿತು. 1851ರಲ್ಲಿ ಮಿಶನ್ನಿನ ನೇಕಾರ ಹಾಲರ್ ಬಂದ ಮೇಲೆ ನೇಯ್ಗೆ ಬಲಗೊಂಡು, ಅಲ್ಲಿಯ ಖಾಕಿ ಬಟ್ಟೆ ಹೆಸರು ಮಾಡಿತು. 1865ರಲ್ಲಿ ಮಿಶನ್ನಿನವರೇ ಆದ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚು ತೆಗೆಯಲು ಶುರುಮಾಡಿದರು. ನೇತ್ರಾವತಿ, ಗುರುಪುರ ನದಿಗಳ ಬದಿಯ ಜೇಡಿಮಣ್ಣು ದೋಣಿಯಲ್ಲಿ ಬರುತ್ತಿತ್ತು, ಸುಡಲು ಕಾಡಿನ ಸೌದೆ, ಸಾಗಿಸಲು ಬಂದರು. ಒಂದರ ಅಂಚು ಇನ್ನೊಂದರ ಅಂಚಿಗೆ ಕಚ್ಚಿಕೊಂಡು ಕೂರುವ ಆ ಕೆಂಪು ಹೆಂಚು ಪಶ್ಚಿಮ ಕರಾವಳಿಯನ್ನೆಲ್ಲ ಹೊದ್ದಿಸಿತು. ಊರವರೂ ಕಾರ್ಖಾನೆ ಕಟ್ಟಿದರು. ಮೊದಲ ಮಹಾಯುದ್ಧದಲ್ಲಿ ಮಿಶನ್ನಿನ ಉದ್ಯಮ ಬ್ರಿಟಿಷರ ಕೈಸೇರಿ, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಆದಾಗಲೂ ಹೆಂಚು ನಿಲ್ಲಲಿಲ್ಲ. ಹೆಂಚು ಬಂದ ಮನೆಗೆ ವರ್ಷವರ್ಷವೂ ಮುಳಿಹುಲ್ಲು ಹೊದಿಸುವವರು ಬೇಡವಾದರು ಎನ್ನುವುದನ್ನೂ ಹೇಳಬೇಕು. ಅವರು ಎಲ್ಲಿಗೆ ಹೋದರೋ, ಯಾರೂ ಬರೆದಿಟ್ಟಂತೆ ಕಾಣೆ.

ಕಾರ್ಖಾನೆಗೂ ಮಳೆಗಾಲವಿತ್ತು. ನದಿ ಕೆಂಪಗೆ ತುಂಬಿದರೆ ಮಣ್ಣಿನ ದೋಣಿ ಇಲ್ಲ. ಹಸಿ ಹೆಂಚು ವಾರಗಟ್ಟಲೆ ಒಣಗದು, ಸೌದೆ ನೆನೆದಿರುತ್ತದೆ, ಮಾಡು ಕಟ್ಟಿಸುವವರೂ ಇರುವುದಿಲ್ಲ. "ಬೇಕಾದಾಗ ಹೇಳಿ ಕಳಿಸುತ್ತೇವೆ" ಎಂದರೆ ಹೆಂಗಸರು ಮನೆಯಲ್ಲಿ ಕೂರಬೇಕು. ನಮ್ಮ ತುಳುನಾಡಿಗೆ ಇದು ಹೊಸದಲ್ಲ. ಕೆಲಸವೂ ಅಕ್ಕಿಯೂ ಇಲ್ಲದ ಆ ದಿನಗಳಿಗೆ ಆಟಿ ಎಂದು ತಿಂಗಳ ಹೆಸರೇ ಇದೆ. ಅಮ್ಮ ಗುಡ್ಡೆಯಿಂದ ತಗತೆ ಸೊಪ್ಪು ತರುತ್ತಿದ್ದರು, ಬೇಸಗೆಯಲ್ಲಿ ಕೂಡಿಟ್ಟ ಹಲಸಿನ ಬೀಜ ಬೇಯಿಸುತ್ತಿದ್ದರು. ಆಟಿ ಕಳೆದು ಸೋಣ ತಿಂಗಳು ಬಂದರೆ ಕೆಲಸ ಬರುತ್ತದೆಂಬ ಧೈರ್ಯವಿತ್ತು.

1980ರ ದಶಕದ ಕೊನೆಗೆ ಸೋಣ ಬಂದರೂ ಕರೆ ಬರಲಿಲ್ಲ. ಕಾರ್ಖಾನೆ ಮುಚ್ಚಿತು. ಗದ್ದೆ ಬದಿಯ ಮಣ್ಣು ಸಿಗುವುದು ಕಷ್ಟವಾಗಿತ್ತು, ಸೌದೆ ದುಬಾರಿಯಾಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಕೈಯಲ್ಲಿ ನಾಲ್ಕು ಕಾಸು ಬಂದವರೆಲ್ಲ ತಾರಸಿ ಹಾಕಿಸತೊಡಗಿದ್ದರು. ಕೊಲ್ಲಿಗೆ ಹೋದ ಮಗ ಕಳಿಸಿದ ಹಣದಲ್ಲಿ ಮೊದಲು ಏಳುತ್ತಿದ್ದದ್ದು ಕಾಂಕ್ರೀಟಿನ ಮನೆ. ಹಸಿ ಹೆಂಚಿನ ಅಂಚು ಕೆರೆಯುವುದರಲ್ಲಿ ಅಮ್ಮನಷ್ಟು ನಯವಾದ ಕೈ ಇನ್ನೊಂದಿರಲಿಲ್ಲ. ಆ ಕೈಗೇನೂ ಆಗಿರಲಿಲ್ಲ, ಮಾಡು ಬದಲಾಗಿತ್ತು. ರಚನಾತ್ಮಕ ನಿರುದ್ಯೋಗ ಎಂದರೆ ಇದೇ ಎಂದು ಹೇಳುವಾಗ ತರಗತಿಯಲ್ಲಿ ನನ್ನ ಗಂಟಲು ಕಟ್ಟಿದ್ದುಂಟು.

ಅದೇ ಕಾರ್ಖಾನೆಯ ಗೂಡಿಗೆ ಬೆಂಕಿ ಹಾಕುತ್ತಿದ್ದ ಅಪ್ಪ ದೊಡ್ಡಪ್ಪನ ಗದ್ದೆಗೆ ಹೋದರು. ಇಬ್ಬರು ಮುಗಿಸುವ ಕೆಲಸಕ್ಕೆ ಮೂವರಾದರು. ಬೆಳೆ ಒಂದು ಸೇರೂ ಹೆಚ್ಚಲಿಲ್ಲ. ಆದರೂ ಅಪ್ಪ ಬೆಳಗಾಗುವ ಮೊದಲೇ ಏಳುತ್ತಿದ್ದರು, ಹಾರೆ ಹೆಗಲಿಗಿಟ್ಟು ಹೊರಡುತ್ತಿದ್ದರು. ಕೆಲಸವಿಲ್ಲದವ ಎಂದು ಅವರನ್ನು ಯಾರೂ ಅನ್ನಲಿಲ್ಲ.

ಅಮ್ಮ ಬೀಡಿಗೆ ಕೂತರು. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ತಂಬಾಕು, ನೂಲು ತಂದು, ಮಡಿಲಲ್ಲಿ ತಡ್ಪೆ ಎಂಬ ಮೊರ ಇಟ್ಟು ರಾತ್ರಿಯವರೆಗೂ ಕಟ್ಟುತ್ತಿದ್ದರು. ಕೆಮ್ಮು ಆಗ ಶುರುವಾದದ್ದು ಕೊನೆತನಕ ಬಿಡಲಿಲ್ಲ. ಒಮ್ಮೆ ಯಾರೋ ಪಟ್ಟಿ ಹಿಡಿದು ಮನೆಮನೆಯ ಲೆಕ್ಕ ಬರೆಯಲು ಬಂದರು. ಜಗಲಿಯಲ್ಲಿ ನಿಂತು ಅಪ್ಪನ ಹೆಸರಿನ ಮುಂದೆ ಬೇಸಾಯ ಎಂದು ಬರೆದುಕೊಂಡರು.

"ಇವರು?"

"ಅವಳು ಮನೆಯಲ್ಲೇ ಇರುವುದು" ಎಂದರು ಅಪ್ಪ.

ಅಮ್ಮ ತಲೆ ಎತ್ತಲಿಲ್ಲ. ಸಂಜೆಯೊಳಗೆ ಬ್ರಾಂಚಿಗೆ ಕೊಡಬೇಕಾದ ಸಾವಿರಕ್ಕೆ ಇನ್ನೂ ಇನ್ನೂರು ಬಾಕಿಯಿತ್ತು.