ತಲೆಯೊಳಗಿನ ತಂತಿ ಯಾರದು?

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡುತ್ತ, "ಸಾರ್, ಮಿದುಳಿನೊಳಗೆ ಚಿಪ್ ಇಟ್ಟು ಬರಿಯ ಯೋಚನೆಯಿಂದಲೇ ಕಂಪ್ಯೂಟರ್ ನಡೆಸುತ್ತಾರಂತೆ. ನಾಳೆ ನಮ್ಮ ತಲೆಯೊಳಗೆ ಇರುವುದನ್ನೆಲ್ಲ ಓದಿಬಿಟ್ಟರೆ ಗತಿಯೇನು?" ಎಂದು ಕೇಳಿದ. ತರಗತಿಯಲ್ಲಿ ಕುಳಿತಿದ್ದಾಗ ಒಂದು ಪ್ರಶ್ನೆಯನ್ನೂ ಕೇಳದಿದ್ದ ಹುಡುಗ ಐವತ್ತರ ವಯಸ್ಸಿನಲ್ಲಿ ಕೇಳಿದನಲ್ಲ ಎಂದು ಸಂತೋಷವಾಯಿತು. ಆದರೆ ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಆದುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ವಿಜ್ಞಾನದಿಂದಲ್ಲ. ನಮ್ಮ ಶಾಲೆಯ ಗಣಿತದ ಮೇಷ್ಟರನ್ನು ನೀವು ಮರೆತಿರಲಾರಿರಿ. ನಿಮ್ಮಲ್ಲಿ ಹಲವರು ಅವರ ಬೆತ್ತದ ರುಚಿ ಕಂಡವರೇ. ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿರುವಾಗ ಅವರಿಗೆ ಮೋಟಾರ್ ನ್ಯೂರಾನ್ ಕಾಯಿಲೆ ಬಂತು. ಮೊದಲು ಸೀಮೆಸುಣ್ಣ ಕೈಯಿಂದ ಜಾರತೊಡಗಿತು, ಆಮೇಲೆ ನಡಿಗೆ ಹೋಯಿತು, 1998ರ ಹೊತ್ತಿಗೆ ಮಾತೂ ಹೋಯಿತು. ಬುದ್ಧಿ ಮಾತ್ರ ಹಿಂದಿನಂತೆಯೇ ಚುರುಕಾಗಿತ್ತು. ಭಾನುವಾರಗಳಂದು ನಾನು ಒಂದು ರಟ್ಟಿನ ಮೇಲೆ ವರ್ಣಮಾಲೆ ಬರೆದುಕೊಂಡು ಅವರ ಬಳಿ ಕುಳಿತುಕೊಳ್ಳುತ್ತಿದ್ದೆ. ಮೊದಲು ವರ್ಗವನ್ನು ತೋರಿಸುವುದು, ಅವರು ರೆಪ್ಪೆ ಬಡಿದರೆ ಆ ಸಾಲಿನ ಅಕ್ಷರಗಳನ್ನು ಒಂದೊಂದಾಗಿ ತೋರಿಸುವುದು, ಅನಂತರ ಗುಣಿತ, ಅನಂತರ ಒತ್ತು. ಇಂಗ್ಲಿಷಿನವರಿಗೆ ಇಪ್ಪತ್ತಾರು ಅಕ್ಷರ ದಾಟಿದರೆ ಸಾಕು. ನಮಗೆ ಒಂದು 'ಸ್ತ್ರೀ' ಎಂಬಲ್ಲಿಗೇ ಉಸಿರು ಕಟ್ಟುತ್ತದೆ. ಒಂದು ವಾಕ್ಯಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು.

ಒಂದು ದಿನ ಅವರು 'ಬಾ' ಎಂಬಲ್ಲಿಗೆ ಬಂದಾಗ ನಾನು ಅವಸರಪಟ್ಟು, 'ಬಾಗಿಲೇ?' ಎಂದು ಎದ್ದು ಹೋಗಿ ಬಾಗಿಲು ಹಾಕಿ ಬಂದೆ. ಅವರು ಕಣ್ಣು ಮುಚ್ಚಿಕೊಂಡರು. ಆ ದಿನ ಮತ್ತೆ ತೆರೆಯಲಿಲ್ಲ. ಎರಡು ವಾರದ ನಂತರ ಗೊತ್ತಾಯಿತು, ಅವರು ಹೇಳಹೊರಟಿದ್ದ ಪದ 'ಬಾಕಿ'. ಶಾಲೆಯ ಜವಾನನಿಂದ ಪಡೆದಿದ್ದ ಮುನ್ನೂರು ರೂಪಾಯಿ ಬಾಕಿ ಉಳಿದಿತ್ತು, ಅದನ್ನು ತೀರಿಸಬೇಕೆಂಬುದು ಅವರ ಮನಸ್ಸಿನಲ್ಲಿತ್ತು. ಈ ಸಂಗತಿಗೆ ಮುಂದೆ ಮತ್ತೆ ಬರುತ್ತೇನೆ.

ಇನ್ನು ಇತಿಹಾಸ. ಮಿದುಳಿನಲ್ಲಿ ವಿದ್ಯುತ್ ಸಂಚಾರವಿದೆಯೆಂಬುದನ್ನು ಮನುಷ್ಯರ ತಲೆಯ ಹೊರಗಿನಿಂದಲೇ 1924ರಲ್ಲಿ ದಾಖಲಿಸಿದವನು ಜರ್ಮನಿಯ ಯೇನಾ ನಗರದ ವೈದ್ಯ ಹಾನ್ಸ್ ಬರ್ಗರ್. 1969ರಲ್ಲಿ ಅಮೆರಿಕದ ಎಬರ್‌ಹಾರ್ಡ್ ಫೆಟ್ಸ್ ಎಂಬ ವಿಜ್ಞಾನಿ, ಕೋತಿಯೊಂದು ತನ್ನ ಮಿದುಳಿನ ಒಂದೇ ಒಂದು ನರಕೋಶದ ಮಿಡಿತವನ್ನು ಬೇಕೆಂದಾಗ ಹೆಚ್ಚಿಸಿ ಅದಕ್ಕೆ ಪ್ರತಿಯಾಗಿ ತಿಂಡಿ ಪಡೆಯಬಲ್ಲುದೆಂದು ತೋರಿಸಿದ. 'ಮಿದುಳು-ಕಂಪ್ಯೂಟರ್ ಸಂಪರ್ಕ' ಎಂಬ ಮಾತನ್ನೇ ಬಳಕೆಗೆ ತಂದವನು ಲಾಸ್ ಏಂಜಲಿಸ್‌ನ ಜಾಕ್ ವಿಡಾಲ್, 1973ರಲ್ಲಿ.

ಆದರೆ ಜನರ ಮನಸ್ಸಿನಲ್ಲಿ ಭಯ ಬಿತ್ತಿದ್ದು ಇವರಾರೂ ಅಲ್ಲ, ಒಂದು ಗೂಳಿ. ಸ್ಪೇನಿನ ಹೋಸೆ ಡೆಲ್ಗಾಡೋ ಯೇಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದವನು. ಅವನ ಹುಟ್ಟೂರು ರೋಂಡಾ, ಗೂಳಿಕಾಳಗಕ್ಕೆ ಹೆಸರಾದ ಊರು. 1963ರಲ್ಲಿ ಅವನು ಕೋರ್ಡೋಬಾ ಬಳಿಯ ಒಂದು ಅಖಾಡಕ್ಕಿಳಿದು, ಮಿದುಳಿನಲ್ಲಿ ಎಲೆಕ್ಟ್ರೋಡ್ ಹುದುಗಿಸಿದ್ದ ಗೂಳಿಯೊಂದು ಮೈಮೇಲೆ ನುಗ್ಗಿ ಬರುತ್ತಿರುವಾಗ ಕೈಯಲ್ಲಿದ್ದ ರೇಡಿಯೋ ಪೆಟ್ಟಿಗೆಯ ಗುಂಡಿ ಒತ್ತಿದ. ಗೂಳಿ ಕೆಲವೇ ಅಡಿಗಳ ದೂರದಲ್ಲಿ ತಡೆದು ನಿಂತು ಪಕ್ಕಕ್ಕೆ ತಿರುಗಿತು. 1965ರಲ್ಲಿ ಈ ಸುದ್ದಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮುಖಪುಟದಲ್ಲಿ ಬಂತು. ಗೂಳಿಯ ಕೋಪವೇ ಇಳಿಯಿತೆಂದು ಡೆಲ್ಗಾಡೋ ಹೇಳಿದರೆ, ಕೋಪಕ್ಕೂ ಇದಕ್ಕೂ ಸಂಬಂಧವಿಲ್ಲ, ಚಲನೆಯನ್ನು ನಿಯಂತ್ರಿಸುವ ಭಾಗಕ್ಕೆ ವಿದ್ಯುತ್ ತಗುಲಿ ಅದು ವಿಧಿಯಿಲ್ಲದೆ ತಿರುಗಿತಷ್ಟೆ ಎಂದು ಇತರ ವಿಜ್ಞಾನಿಗಳು ಆಕ್ಷೇಪಿಸಿದರು. ನನಗೂ ಎರಡನೆಯದೇ ಸರಿಯೆನಿಸುತ್ತದೆ. ಕೊರಳ ಹಗ್ಗ ಜಗ್ಗಿದರೆ ನಮ್ಮೂರಿನ ಹೋರಿಯೂ ತಿರುಗುತ್ತದೆ, ಆದರೆ ಅದರ ಸಿಟ್ಟು ಇಳಿದಿರುವುದಿಲ್ಲ.

ಡೆಲ್ಗಾಡೋ ಅಷ್ಟಕ್ಕೇ ನಿಲ್ಲಲಿಲ್ಲ. 1969ರಲ್ಲಿ ಪುಸ್ತಕವೊಂದನ್ನು ಬರೆದು, ಮನಸ್ಸನ್ನು ಭೌತಿಕವಾಗಿ ನಿಯಂತ್ರಿಸಿ ಹೆಚ್ಚು ನಾಗರಿಕವಾದ ಸಮಾಜವನ್ನು ಕಟ್ಟಬಹುದೆಂದು ವಾದಿಸಿದ. ಅದೇ ಕಾಲದಲ್ಲಿ ಪ್ಯಾಡಿ ಎಂಬ ಚಿಂಪಾಂಜಿಯ ಮಿದುಳನ್ನು ಕಂಪ್ಯೂಟರಿಗೆ ಜೋಡಿಸಿ, ಒಂದು ಬಗೆಯ ತರಂಗ ಕಾಣಿಸಿಕೊಂಡಾಗಲೆಲ್ಲ ಯಂತ್ರವು ಅಹಿತವಾದ ಪ್ರಚೋದನೆ ಕೊಡುವಂತೆ ಮಾಡಿದ. ಆರು ದಿನಗಳಲ್ಲಿ ಆ ತರಂಗ ಬಹುತೇಕ ನಿಂತೇ ಹೋಯಿತು. ಪ್ರಾಣಿಯೂ ಮಂಕಾಯಿತು. ಈ ಗದ್ದಲದಲ್ಲಿ, ಅವನು ಕಂಡೇ ಇರದ ಜನರು ತಮ್ಮ ತಲೆಯಲ್ಲಿ ಅವನು ಯಂತ್ರ ಇಟ್ಟಿದ್ದಾನೆಂದು ದೂರತೊಡಗಿದರು. ಒಬ್ಬ ಮಹಿಳೆ ಹತ್ತು ಲಕ್ಷ ಡಾಲರಿನ ದಾವೆಯನ್ನೇ ಹೂಡಿದಳು. 1974ರಲ್ಲಿ ಅವನು ಸ್ಪೇನಿಗೆ ಮರಳಿದ. ನನ್ನ ವಿದ್ಯಾರ್ಥಿಯ ಪ್ರಶ್ನೆಯ ಬೇರು ಈ ಗೂಳಿಯ ಕಾಲದ್ದೇ.

ನಮ್ಮ ಮೇಷ್ಟರ ಮಾತು ನಿಂತ ಅದೇ 1998ರಲ್ಲಿ, ಅಟ್ಲಾಂಟಾದಲ್ಲಿ ಫಿಲಿಪ್ ಕೆನಡಿ ಎಂಬ ಐರಿಷ್ ಮೂಲದ ವೈದ್ಯ, ಪಾರ್ಶ್ವವಾಯುವಿನಿಂದ ಸರ್ವಾಂಗವೂ ಜಡವಾಗಿದ್ದ ವ್ಯಕ್ತಿಯೊಬ್ಬನ ಮಿದುಳಿನಲ್ಲಿ ಎಲೆಕ್ಟ್ರೋಡ್ ಹುದುಗಿಸಿದ. ಗಾಜಿನ ಪುಟ್ಟ ಶಂಕುವಿನೊಳಗೆ ನರತಂತುಗಳು ತಾವಾಗಿಯೇ ಬೆಳೆದು ಬರುವಂತೆ ಮಾಡಿದ್ದು ಅವನ ಜಾಣ್ಮೆ. ತಿಂಗಳುಗಳ ಅಭ್ಯಾಸದ ನಂತರ ರೋಗಿ ಪರದೆಯ ಮೇಲಿನ ಬಾಣವನ್ನು ಸರಿಸಿ ಅಕ್ಷರ ಆರಿಸತೊಡಗಿದ. ಮೊದಮೊದಲು ಕೈ ಆಡಿಸುವುದನ್ನು ಕಲ್ಪಿಸಿಕೊಳ್ಳಬೇಕಾಗುತ್ತಿತ್ತು. ಕೆಲಕಾಲದ ನಂತರ, ಬಾಣ ಸರಿಸುವಾಗ ಏನನ್ನಿಸುತ್ತದೆಂದು ಕೇಳಿದಾಗ ಅವನು ಅಕ್ಷರಗಳನ್ನು ಆರಿಸಿ ಕೊಟ್ಟ ಉತ್ತರ: ಏನೂ ಇಲ್ಲ. ಸೈಕಲ್ ಕಲಿತವನು ಕಾಲನ್ನು ಮರೆಯುವಂತೆ ಅವನು ಕೈಯನ್ನು ಮರೆತಿದ್ದನೆಂದು ವೈದ್ಯರು ಅರ್ಥಮಾಡಿಕೊಂಡರು. ಇದನ್ನು ನಾನು ಓದಿದ್ದು ಬಹಳ ವರ್ಷಗಳ ನಂತರ. ರಟ್ಟಿನ ಹಲಗೆ ಹಿಡಿದು ಕುಳಿತಿದ್ದ ಆ ಭಾನುವಾರಗಳೆಲ್ಲ ಕಣ್ಣ ಮುಂದೆ ಬಂದವು.

ಮುಂದೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಆ ಶಂಕುವಿನಲ್ಲಿ ಬಳಸಿದ ದ್ರವ್ಯದ ಸುರಕ್ಷತೆಯ ಬಗೆಗೆ ಪುರಾವೆ ಕೇಳಿ ಕೆನಡಿಗೆ ಅನುಮತಿ ನಿಲ್ಲಿಸಿತು. ರೋಗಿಗಳು ಸಿಗದಾದಾಗ ಆತ 2014ರಲ್ಲಿ, ತನ್ನ 66ನೆಯ ವಯಸ್ಸಿನಲ್ಲಿ, ಮಧ್ಯ ಅಮೆರಿಕದ ಬೆಲೀಜ್ ದೇಶಕ್ಕೆ ಹೋಗಿ ತನ್ನ ಆರೋಗ್ಯವಂತ ಮಿದುಳಿಗೇ ಎಲೆಕ್ಟ್ರೋಡ್ ಇಡಿಸಿಕೊಂಡ! ಎಚ್ಚರವಾದಾಗ ಮಾತು ನಿಂತಿತ್ತು. ಕೆಲದಿನಗಳಲ್ಲಿ ಮರಳಿ ಬಂತು. ಗಾಯ ಸರಿಯಾಗಿ ಮುಚ್ಚಿಕೊಳ್ಳದೆ ಕೆಲವು ವಾರಗಳಲ್ಲೇ ಉಪಕರಣವನ್ನು ತೆಗೆಯಬೇಕಾಯಿತು. ಇದನ್ನು ಸಾಹಸವೆನ್ನಬೇಕೋ ಹುಚ್ಚೆನ್ನಬೇಕೋ ತಿಳಿಯದು. ಆದರೆ ಇತರರ ತಲೆಗೆ ಇಡುವುದನ್ನು ತನ್ನ ತಲೆಗೂ ಇಟ್ಟುಕೊಂಡನಲ್ಲ, ಅದಕ್ಕೆ ನನ್ನ ಗೌರವವಿದೆ.

ಇದಕ್ಕೆ ಹತ್ತು ವರ್ಷ ಮೊದಲೇ, 2004ರ ಜೂನ್ ತಿಂಗಳಲ್ಲಿ, ಬ್ರೌನ್ ವಿಶ್ವವಿದ್ಯಾಲಯದ ಜಾನ್ ಡೊನೊಹ್ಯೂ ತಂಡದ 'ಬ್ರೇನ್‌ಗೇಟ್' ಉಪಕರಣವನ್ನು ಮ್ಯಾಥ್ಯೂ ನೇಗಲ್ ಎಂಬ ಯುವಕನಿಗೆ ಅಳವಡಿಸಿದ್ದರು. ಚಾಕುವಿನ ಇರಿತದಿಂದ ಕುತ್ತಿಗೆಯ ಕೆಳಗೆ ಚಲನೆ ಕಳೆದುಕೊಂಡಿದ್ದವನು ಅವನು. ಕೊತ್ತಂಬರಿ ಬೀಜದಷ್ಟು ಅಗಲದ ಚೌಕದ ಮೇಲೆ 96 ಎಲೆಕ್ಟ್ರೋಡುಗಳು. ನೆತ್ತಿಯಿಂದ ಹೊರಗೆ ಬಂದ ಲೋಹದ ಕೊಂಡಿಗೆ ತಂತಿ. ಅವನು ಇ-ಮೇಲ್ ತೆರೆದ, ಟಿ.ವಿ. ನಡೆಸಿದ, ಕೃತಕ ಹಸ್ತವೊಂದನ್ನು ಬಿಚ್ಚಿ ಮುಚ್ಚಿದ. ಆದರೆ ತಂತ್ರಜ್ಞ ಬಂದು ತಂತಿ ಜೋಡಿಸಿದಾಗ ಮಾತ್ರ ಇದೆಲ್ಲ. ಸುಮಾರು ಒಂದು ವರ್ಷದ ನಂತರ ಉಪಕರಣವನ್ನು ತೆಗೆದರು. 2007ರಲ್ಲಿ ಅವನು ತೀರಿಕೊಂಡ. ಅದನ್ನು ತಯಾರಿಸಿದ ಕಂಪನಿಯೂ 2009ರ ಹೊತ್ತಿಗೆ ಮುಚ್ಚಿತು. ಸಂಶೋಧನೆಯನ್ನು ವಿಶ್ವವಿದ್ಯಾಲಯಗಳು ಮುಂದುವರಿಸಿದವು.

ಆ ಮುಂದುವರಿಕೆಯ ಫಲ ಸಾಮಾನ್ಯವಾದುದಲ್ಲ. 2021ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕೃಷ್ಣ ಶೆಣೈ ಮತ್ತು ಅವರ ಸಂಗಡಿಗರು, ರೋಗಿ ಮನಸ್ಸಿನಲ್ಲೇ ಬರೆದ ಕೈಬರಹವನ್ನು ನಿಮಿಷಕ್ಕೆ 90 ಅಕ್ಷರಗಳಂತೆ ಪರದೆಗೆ ತಂದರು. 2023ರಲ್ಲಿ ಆಡಲೆತ್ನಿಸಿದ ಮಾತನ್ನು ನಿಮಿಷಕ್ಕೆ 62 ಪದಗಳಂತೆ ಹಿಡಿದರು. (ಆ ವರ್ಷದ ಜನವರಿಯಲ್ಲೇ ಶೆಣೈ ತೀರಿಕೊಂಡಿದ್ದರು.) 2024ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ, ನಮ್ಮ ಮೇಷ್ಟರದೇ ಜಾತಿಯ ಕಾಯಿಲೆಯ ಒಬ್ಬರಿಗೆ 256 ಎಲೆಕ್ಟ್ರೋಡುಗಳನ್ನಿಟ್ಟು, ನೂರಕ್ಕೆ 97 ಪದಗಳನ್ನು ಸರಿಯಾಗಿ ಹಿಡಿದು, ಅವರ ಹಳೆಯ ಧ್ವನಿಯಲ್ಲೇ ಯಂತ್ರದಿಂದ ನುಡಿಸಿದರು.

ಇಲ್ಲಿ ನನಗೆ 'ಬಾಗಿಲು' ನೆನಪಾಗುತ್ತದೆ. ಈ ಯಂತ್ರಗಳು ಮಿದುಳಿನಿಂದ ಹಿಡಿಯುವುದು ಧ್ವನಿಗಳನ್ನು. ಅವುಗಳಿಂದ ಪದ ಯಾವುದಿರಬೇಕೆಂದು ಭಾಷೆಯ ರೂಢಿಯನ್ನು ನೋಡಿ ಊಹಿಸುವುದು ಕಂಪ್ಯೂಟರ್. ಹೆಚ್ಚಾಗಿ ಬಳಕೆಯಾಗುವ ಪದದ ಕಡೆಗೆ ಅದು ವಾಲುತ್ತದೆ. ನಾನು ಮಾಡಿದ್ದೂ ಅದನ್ನೇ. ಉಳಿದ ಮೂರು ಪದಗಳಲ್ಲಿ ಒಂದು 'ಬಾಕಿ' ಆಗಿದ್ದರೆ?

ಎಲಾನ್ ಮಸ್ಕ್ 2016ರಲ್ಲಿ ಸ್ಥಾಪಿಸಿದ ನ್ಯೂರಾಲಿಂಕ್ ಕಂಪನಿಯ ವಿಷಯ ನೀವೆಲ್ಲ ಪತ್ರಿಕೆಗಳಲ್ಲಿ ಓದಿರುತ್ತೀರಿ. ಪ್ರಯೋಗಪ್ರಾಣಿಗಳ ಸಾವಿನ ಬಗೆಗೆ 2022ರಲ್ಲಿ ದೂರುಗಳೆದ್ದವು. 2024ರ ಜನವರಿಯಲ್ಲಿ ಮೊದಲ ಬಾರಿಗೆ ಮನುಷ್ಯನಿಗೆ ಅಳವಡಿಸಿದ 64 ಎಳೆಗಳಲ್ಲಿ ಬಹುಪಾಲು ಕೆಲವೇ ವಾರಗಳಲ್ಲಿ ಮಿದುಳಿನಿಂದ ಹಿಂದೆ ಸರಿದವು; ಗಣನೆಯ ಕ್ರಮ ಬದಲಿಸಿ ಅದನ್ನು ಮತ್ತೆ ನಡೆಸಿದರು. ಸದ್ದು ದೊಡ್ಡದಾದುದರಿಂದ ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ನನ್ನ ನಿದ್ದೆ ಕೆಡಿಸಿದ್ದು ಆಸ್ಟ್ರೇಲಿಯಾದ ಒಬ್ಬ ಮಹಿಳೆಯ ಕಥೆ. ಬಾಲ್ಯದಿಂದಲೂ ಅಪಸ್ಮಾರ, ಅಂದರೆ ನಾವು ಮೂರ್ಛೆರೋಗವೆನ್ನುವುದು. ಯಾವಾಗ ಬೀಳುತ್ತೇನೋ ಎಂಬ ಅಂಜಿಕೆಯಲ್ಲೇ ಬದುಕಿದವಳು. 2010ರ ನಂತರ ನ್ಯೂರೋವಿಸ್ಟಾ ಎಂಬ ಅಮೆರಿಕದ ಕಂಪನಿಯ ಪ್ರಯೋಗದಲ್ಲಿ ಮೆಲ್ಬರ್ನ್‌ನ ವೈದ್ಯ ಮಾರ್ಕ್ ಕುಕ್ ಮತ್ತು ಸಂಗಡಿಗರು 15 ಮಂದಿಗೆ ಮಿದುಳಿನ ಮೇಲ್ಮೈಯಲ್ಲಿ ಎಲೆಕ್ಟ್ರೋಡ್ ಪಟ್ಟಿಗಳನ್ನಿಟ್ಟರು. ಸೆಳವು ಬರುವ ಸಂಭವ ಹೆಚ್ಚಿದಾಗ ಕೈಯಲ್ಲಿ ಹಿಡಿಯುವ ಪುಟ್ಟ ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತುತ್ತಿತ್ತು. ಎಲ್ಲರಿಗೂ ಇದು ಸಮನಾಗಿ ಫಲಿಸಲಿಲ್ಲ. ಇವಳಿಗೆ ಬಹಳ ಚೆನ್ನಾಗಿ ಫಲಿಸಿತು. ಧೈರ್ಯವಾಗಿ ಹೊರಗೆ ಹೋಗತೊಡಗಿದಳು. ಆ ಉಪಕರಣ ತನ್ನದೇ ಒಂದು ಭಾಗವಾಯಿತೆಂದು ಅವಳಿಗನ್ನಿಸಿತು.

2013ರಲ್ಲಿ ಕಂಪನಿಯ ಹಣ ಬರಿದಾಯಿತು. ಉಪಕರಣಗಳನ್ನು ತೆಗೆಸಿಕೊಳ್ಳಬೇಕೆಂದು ಎಲ್ಲರಿಗೂ ಹೇಳಲಾಯಿತು. ಅವಳೂ ಅವಳ ಗಂಡನೂ ಮನೆಯನ್ನು ಅಡವಿಟ್ಟಾದರೂ ಅದನ್ನು ಕೊಂಡುಕೊಳ್ಳುತ್ತೇವೆಂದು ಕೇಳಿಕೊಂಡರು. ಸಾಧ್ಯವಾಗಲಿಲ್ಲ. ಎಲ್ಲರಿಗಿಂತ ಕೊನೆಗೆ ಅವಳ ತಲೆಯಿಂದ ಅದನ್ನು ತೆಗೆದರು. ಆ ಮೇಲೆ ಅವಳು ದುಃಖಿಸಿದ್ದು ಸತ್ತವರಿಗಾಗಿ ದುಃಖಿಸುವಂತೆ. ಟಾಸ್ಮೇನಿಯಾದ ಫ್ರೆಡೆರಿಕ್ ಗಿಲ್ಬರ್ಟ್ ಮತ್ತಿತರರು 2023ರಲ್ಲಿ ಅವಳ ವಿಷಯವಾಗಿ ಬರೆದು, ಇದು ಮಾನವ ಹಕ್ಕಿನ ಪ್ರಶ್ನೆಯಲ್ಲವೇ ಎಂದು ಕೇಳಿದರು. ಅವರಲ್ಲಿ ಕುಕ್ ಕೂಡ ಒಬ್ಬರು. ಇತ್ತ ಕುರುಡರಿಗೆ ಕಣ್ಣಿನ ಅಕ್ಷಿಪಟದಲ್ಲಿ ಎಲೆಕ್ಟ್ರೋಡ್ ಇಡುತ್ತಿದ್ದ ಸೆಕೆಂಡ್ ಸೈಟ್ ಎಂಬ ಕಂಪನಿ 2020ರಲ್ಲಿ ದಿವಾಳಿಯ ಅಂಚಿಗೆ ಬಂದಾಗ, 350ಕ್ಕೂ ಹೆಚ್ಚು ಮಂದಿ ದುರಸ್ತಿಗೆ ದಿಕ್ಕಿಲ್ಲದಾದರು.

ಅರವತ್ತು ವರ್ಷ ನಾವು ಡೆಲ್ಗಾಡೋವಿನ ಗೂಳಿಯನ್ನು ನೆನೆದು, ಯಂತ್ರ ಒಳಗೆ ಬಂದುಬಿಟ್ಟೀತೆಂದು ಹೆದರಿದೆವು. ನಿಜವಾಗಿ ಇಡಿಸಿಕೊಂಡವಳು ಅತ್ತದ್ದು ಅದನ್ನು ಹೊರಗೆ ತೆಗೆದಾಗ. ನನ್ನ ವಿದ್ಯಾರ್ಥಿಯ ಭಯ ಸುಳ್ಳೆಂದು ಹೇಳಲಾರೆ. ಚಿಲಿ ದೇಶ 2021ರಲ್ಲಿ ಮಿದುಳಿನ ಮಾಹಿತಿಯ ರಕ್ಷಣೆಗೆಂದೇ ಸಂವಿಧಾನವನ್ನು ತಿದ್ದಿಕೊಂಡಿತು. ಆದರೆ ಅವನು ಕೇಳಬೇಕಾದ ಇನ್ನೊಂದು ಪ್ರಶ್ನೆ ಇತ್ತು.

ಗಣಿತದ ಮೇಷ್ಟರು 2000ದಲ್ಲಿ ತೀರಿಕೊಂಡರು. ರಟ್ಟಿನ ಹಲಗೆಯನ್ನು ಅವರ ಮನೆಯವರು ನನಗೇ ಕೊಟ್ಟರು. ಅದು ಈಗಲೂ ಕಪಾಟಿನಲ್ಲಿದೆ. ಅವರಿಗೆ ಇಂಥ ಅವಕಾಶ ಬಂದಿದ್ದರೆ ಒಪ್ಪುತ್ತಿದ್ದರೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಒಪ್ಪುತ್ತಿದ್ದರೆಂದೇ ತೋರುತ್ತದೆ. ಆದರೆ ಶಿಕ್ಷಕರ ಸಹಕಾರ ಸಂಘದ ಸಾಲಕ್ಕೆ ಜಾಮೀನು ಹಾಕೆಂದು ನಾವು ಹೋದಾಗಲೆಲ್ಲ ಅವರು ಕನ್ನಡಕ ಒರೆಸಿಕೊಂಡು, ಕಾಗದದ ಹಿಂಬದಿಯ ಸಣ್ಣಕ್ಷರಗಳನ್ನೂ ಬಿಡದೆ ಓದಿ, "ಅವನು ಕಟ್ಟದಿದ್ದರೆ ಕಟ್ಟುವವರು ಯಾರು?" ಎಂದು ಕೇಳಿ, ಉತ್ತರ ಸಿಕ್ಕಿದ ಮೇಲೆಯೇ ರುಜು ಹಾಕುತ್ತಿದ್ದರು.