ಮಲೆನಾಡಿನ ಮಂಜೂ ಡಿಸ್ಕಿನ ಮಸುಕೂ

ಡಿವಿಡಿಗಿಂತ ಬ್ಲೂ-ರೇ ಐದು ಪಟ್ಟು ಮೇಲು ಎಂಬ ಮಾತು ಕನ್ನಡದ ತಂತ್ರಜ್ಞಾನ ಬರಹಗಳಲ್ಲಿ ಯಾರ ತಕರಾರೂ ಇಲ್ಲದೆ ನಡೆದುಬಂದಿದೆ. ಲೆಕ್ಕವೇನೂ ಸುಳ್ಳಲ್ಲ. 1920×1080 ಎಂದರೆ 20,73,600 ಚುಕ್ಕಿ. ಪಾಲ್ ಪದ್ಧತಿಯ ಡಿವಿಡಿಯ 720×576 ಎಂದರೆ 4,14,720. ಭಾಗಿಸಿದರೆ ಸರಿಯಾಗಿ ಐದು. ಆದರೆ ಈ ಭಾಗಾಕಾರದ ಮೇಲೆ ಕಟ್ಟಿದ ತೀರ್ಮಾನ ನಿಲ್ಲುವುದಿಲ್ಲ. ಅದಕ್ಕಿಂತ ಹೆಚ್ಚಿನ ಹಾನಿ ಮಾಡಿರುವುದು ಇದೇ ತರ್ಕದ ಇನ್ನೊಂದು ಕವಲು: ಕೊಪ್ಪ, ಶೃಂಗೇರಿ, ಮೂಡಿಗೆರೆ, ಕಳಸದ ಕಡೆ ತೆಗೆದ ಹಳೆಯ ಚಿತ್ರಗಳ ಛಾಯಾಗ್ರಹಣವೇ ಮಸುಕು, ಮಂಜಿನಲ್ಲಿ ಕ್ಯಾಮೆರಾ ಸೋತಿದೆ, ಅವುಗಳನ್ನು ಹೈ ಡೆಫಿನಿಷನ್‌ಗೆ ತಂದು ಪ್ರಯೋಜನವೇನು ಎಂಬ ನಿಲುವು. ಹೀಗೆ ಹೇಳುವವರಲ್ಲಿ ಹೆಚ್ಚಿನವರು ಆ ಚಿತ್ರಗಳನ್ನು ನೋಡಿರುವುದು ವಿಸಿಡಿಯಲ್ಲಿ ಅಥವಾ ಅಗ್ಗದ ಡಿವಿಡಿಯಲ್ಲಿ. ಡಿಸ್ಕಿನ ದೋಷವನ್ನು ಕ್ಯಾಮೆರಾದವನ ತಲೆಗೆ ಕಟ್ಟಿದ್ದಾರೆ ಎಂಬುದು ನನ್ನ ವಾದ.

ಇದನ್ನು ತೋರಿಸುವ ಒಂದು ಸಾಕ್ಷ್ಯವನ್ನು ಸಂಶೋಧಕರು ಸಾಕ್ಷ್ಯವೆಂದೇ ಎಣಿಸಿಲ್ಲ. ಅದು ಪೇಟೆ ಬೀದಿಯ ಅಂಗಡಿಗಳಲ್ಲಿ ಮಾರುತ್ತಿದ್ದ, ಒಂದರಲ್ಲೇ ಮೂರು ಸಿನಿಮಾ ತುಂಬಿದ ಡಿವಿಡಿ. 2007ರಲ್ಲಿ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರುಕಟ್ಟೆಗೆ ಬಿಟ್ಟ ಮೇಲೆ ಎರಡರ ನಡುವಿನ ಬೆಲೆಯ ಅಂತರ ಒಂದು ಚಹಾದಷ್ಟಾಯಿತು. ಡಿವಿಡಿ ಎಂದೊಡನೆ ಚಿತ್ರ ಸ್ವಚ್ಛ ಎಂಬ ನಂಬಿಕೆಯೂ ಗಟ್ಟಿಯಾಯಿತು. ಈಗ ಲೆಕ್ಕ ನೋಡಿ. ಒಂದು ಪದರದ ಡಿವಿಡಿಯಲ್ಲಿ ಹಿಡಿಸುವುದು 4.7 ಗಿಗಾಬೈಟ್. ಎರಡೂವರೆ ಗಂಟೆಯ ಒಂದೇ ಚಿತ್ರವಿದ್ದರೆ ಸೆಕೆಂಡಿಗೆ ಸುಮಾರು 4.2 ಮೆಗಾಬಿಟ್ ಸಿಗುತ್ತದೆ; ಅಂಥ ಮೂರು ಚಿತ್ರ ತುರುಕಿದರೆ 1.4. ವಿಸಿಡಿಯಲ್ಲಿ ಚಿತ್ರಕ್ಕೆ 1.15, ಧ್ವನಿಗೆ 0.22, ಒಟ್ಟು ಅದೇ 1.4! ವಿಸಿಡಿಗಾದರೋ ಈ ಗಂಜಿಯನ್ನು 352×288 ಚುಕ್ಕಿಗಳಿಗೆ ಹಂಚಿದರೆ ಸಾಕು; ಡಿವಿಡಿ ಅದರ ನಾಲ್ಕು ಪಟ್ಟು ಬಾಯಿಗಳಿಗೆ ಹಂಚಬೇಕು. ಚುಕ್ಕಿಯೊಂದರ ಪಾಲಿಗೆ ವಿಸಿಡಿಯಲ್ಲಿ 0.45 ಬಿಟ್ ಬಂದರೆ ಮೂರು ಚಿತ್ರದ ಡಿವಿಡಿಯಲ್ಲಿ 0.12ರ ಆಸುಪಾಸು. ಡಿವಿಡಿಯ ಎಂಪೆಗ್-2 ಸಂಕೋಚನ ವಿಸಿಡಿಯದಕ್ಕಿಂತ ಹೊಸ ತಂತ್ರವಲ್ಲವೆ, ದೃಶ್ಯಕ್ಕೆ ತಕ್ಕಂತೆ ಬಿಟ್ ಹೆಚ್ಚುಕಡಿಮೆ ಮಾಡುವುದಿಲ್ಲವೆ ಎಂದು ಕೇಳಬಹುದು. ಮಾಡುತ್ತದೆ, ಆದರೆ ನಾಲ್ಕು ಪಟ್ಟಿನ ಕೊರತೆಯನ್ನು ತುಂಬುವಷ್ಟಲ್ಲ. ಎರಡು ಪದರದ, 8.5 ಗಿಗಾಬೈಟಿನ ಡಿಸ್ಕ್ ಬಳಸಿದರೂ 2.5 ಮೆಗಾಬಿಟ್ ದಾಟುವುದು ಕಷ್ಟ. ಡಿವಿಡಿಯ ನಿಯಮಾವಳಿ 352 ಚುಕ್ಕಿ ಅಗಲದ ಚಿತ್ರವನ್ನೂ ಒಪ್ಪುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು. ಹೊದಿಕೆಯ ಮೇಲೆ ಡಿವಿಡಿ ಎಂದಿದ್ದು ಒಳಗೆ ವಿಸಿಡಿಯ ಅಳತೆಯೇ ಇದ್ದರೆ ನಿಯಮಭಂಗವೇನೂ ಆಗದು. 25 ಗಿಗಾಬೈಟಿನ ಬ್ಲೂ-ರೇಯಲ್ಲಿ ಅದೇ ಎರಡೂವರೆ ಗಂಟೆಗೆ 22 ಮೆಗಾಬಿಟ್ ಸಿಗುತ್ತದೆ. ಕುತೂಹಲದ ಸಂಗತಿಯೆಂದರೆ ಚುಕ್ಕಿಯೊಂದರ ಪಾಲು ಅಲ್ಲೂ ಸುಮಾರು 0.4 ಬಿಟ್ಟೇ, ಉಳಿದ ಕೆಲಸ ಮಾಡುವುದು ಎಚ್.264 ಎಂಬ, ಹೆಚ್ಚು ಜಾಣತನದ ಸಂಕೋಚನ. ಹೀಗಿರುವಾಗ ಚುಕ್ಕಿಗಳನ್ನಷ್ಟೇ ಎಣಿಸುವವರು ಅಳೆಯುತ್ತಿರುವುದು ಏನನ್ನು?

ಬಿಟ್ಟಿನ ಈ ಬರ ಎಲ್ಲ ಚಿತ್ರಗಳನ್ನೂ ಒಂದೇ ತೆರನಾಗಿ ಕಾಡುವುದಿಲ್ಲ. ಎಂಪೆಗ್ ಪ್ರತಿ ಫ್ರೇಮನ್ನೂ ಪೂರ್ತಿ ಬರೆದಿಡುವುದಿಲ್ಲ. ಹಿಂದಿನ ಮುಂದಿನ ಫ್ರೇಮಿನಿಂದ ಊಹಿಸಬಹುದಾದ್ದನ್ನು ಬಿಟ್ಟು ವ್ಯತ್ಯಾಸವನ್ನಷ್ಟೇ ಬರೆಯುತ್ತದೆ. ಬೆಂಗಳೂರಿನ ಬಂಗಲೆಯ ಹಾಲ್‌ನಲ್ಲಿ ಸೋಫಾದ ಮೇಲೆ ಕೂತು ಇಬ್ಬರು ಮಾತಾಡುವ ದೃಶ್ಯ ಅದಕ್ಕೆ ಸಲೀಸು. ಗಾಳಿಗೆ ತೂಗುವ ಸಿಲ್ವರ್ ಮರದ ಎಲೆ, ಜಡಿಮಳೆಯ ಗೆರೆ, ಹೂಮಳೆಯ ನಂತರ ಗಿಡದ ತುಂಬ ಬಿರಿದ ಕಾಫಿ ಹೂವು, ಹೊಳೆಯ ನೊರೆ, ಇವು ಯಾವುವೂ ಹಿಂದಿನ ಫ್ರೇಮಿನಿಂದ ಊಹೆಗೆ ಸಿಗುವಂಥವಲ್ಲ. ಆಗ ಬಿಟ್ ಸಾಲದೆ ಸೂಕ್ಷ್ಮ ವಿವರವೆಲ್ಲ ಸೊನ್ನೆಯಾಗಿ, 8×8 ಚುಕ್ಕಿಯ ಚೌಕವೊಂದಕ್ಕೆ ಒಂದೇ ಸರಾಸರಿ ಬಣ್ಣ ಉಳಿಯುತ್ತದೆ. ಮಂಜಿನ ಕಷ್ಟ ಬೇರೆ. ಅಲ್ಲಿ ವಿವರ ಕಡಿಮೆ, ಆದರೆ ಬೂದುಬಣ್ಣದಿಂದ ಬಿಳಿಗೆ ಸಾಗುವ ನಯವಾದ ಏರಿಳಿತವಿದೆ. ಒರಟು ಸಂಕೋಚನ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದುಹಾಕುತ್ತದೆ. ಶೃಂಗೇರಿ ಬಳಿಯ ವೈಕುಂಠಪುರದಲ್ಲಿ ಟಾಮ್ ಕೋವನ್ ಕಪ್ಪು ಬಿಳುಪಿನಲ್ಲಿ ಸೆರೆಹಿಡಿದ ‘ಸಂಸ್ಕಾರ’ದಂಥ (1970) ಚಿತ್ರಕ್ಕೆ ಇದರ ಮೇಲೆ ಫಿಲ್ಮಿನ ಕಣಗಳ ಹೊರೆಯೂ ಸೇರುತ್ತದೆ. ಕಣಗಳು ಫ್ರೇಮಿನಿಂದ ಫ್ರೇಮಿಗೆ ಗೊತ್ತುಗುರಿಯಿಲ್ಲದೆ ಬದಲಾಗುವುದರಿಂದ ಎಂಪೆಗ್‌ನ ಕಣ್ಣಿಗೆ ಇಡೀ ಚಿತ್ರವೇ ಸದಾ ಮಳೆ ಸುರಿಯುವ ದೃಶ್ಯ. ಇಂಥ ಪ್ರತಿಯನ್ನು ಮುಂದಿಟ್ಟುಕೊಂಡು ನೆರಳು ಬೆಳಕಿನ ಗುಣದೋಷ ವಿವೇಚಿಸುವುದು, ಗೆದ್ದಲು ತಿಂದ ಓಲೆ ನೋಡಿ ಕವಿಗೆ ಛಂದಸ್ಸು ಬಾರದು ಎಂದಂತೆ.

ಮನೆಯ ಟಿ.ವಿ.ಯಲ್ಲಿ ಇದೆಲ್ಲ ಕಾಣುವುದೇ ಎಂಬ ಆಕ್ಷೇಪಕ್ಕೆ ತೂಕವಿದೆ. ಸಾಮಾನ್ಯ ಕಣ್ಣು ಬೇರ್ಪಡಿಸಿ ನೋಡಬಲ್ಲ ಅತಿ ಸಣ್ಣ ಕೋನ ಡಿಗ್ರಿಯ ಅರವತ್ತರಲ್ಲೊಂದು ಪಾಲು. ಅದರಂತೆ 21 ಇಂಚಿನ ಹಳೆಯ ಟಿ.ವಿ.ಯಲ್ಲಿ ಡಿವಿಡಿಯ 576 ಗೆರೆಗಳು ಆರಡಿ ದಾಟುತ್ತಲೇ ಬೆರೆತುಹೋಗುತ್ತವೆ, ವಿಸಿಡಿಯ 288 ಗೆರೆಗಳು ಹನ್ನೆರಡು ಅಡಿಯಾಚೆ. 40 ಇಂಚಿನ ಈಗಿನ ಪರದೆಯಲ್ಲೂ ಹತ್ತಡಿ ದೂರ ಕೂತವರಿಗೆ ಡಿವಿಡಿಯ ಗೆರೆಗಳಿಗಿಂತ ಹೆಚ್ಚಿನದು ಕಾಣಿಸದು. ಐದು ಪಟ್ಟಿನ ವಾದಿಗಳು ಇದಕ್ಕೆ ಉತ್ತರ ಕೊಟ್ಟಿಲ್ಲ. ಆದರೆ ಈ ಆಕ್ಷೇಪ ನನ್ನ ವಾದವನ್ನು ಗಟ್ಟಿಯೇ ಮಾಡುತ್ತದೆ: ಎಂಟು ಗೆರೆ ಎತ್ತರದ ಚೌಕ ಒಂದು ಗೆರೆಗಿಂತ ಎಂಟು ಪಟ್ಟು ದೂರದಿಂದಲೂ ಕಣ್ಣಿಗೆ ಬೀಳಬಲ್ಲದು. ಯಾವ ಮನೆಯ ಹಜಾರವೂ ಅದನ್ನು ಮರೆಸುವಷ್ಟು ಉದ್ದವಿಲ್ಲ. ಒಳ್ಳೆಯ ಬ್ಲೂ-ರೇಗೂ ಕೆಟ್ಟ ಡಿವಿಡಿಗೂ ನಡುವೆ ನೋಡುಗ ಗುರುತಿಸುವ ವ್ಯತ್ಯಾಸದ ಬಹುಪಾಲು ಈ ಚೌಕಗಳದ್ದು.

ಹಳೆಯ ನೆಗೆಟಿವ್‌ನಲ್ಲಿ ಹೆಚ್ಚಿನ ವಿವರವೇ ಇಲ್ಲ ಎಂಬ ಇನ್ನೊಂದು ಆಕ್ಷೇಪವನ್ನು ಬೇಗ ಮುಗಿಸಬಹುದು. ಎಸ್. ರಾಮಚಂದ್ರ ಛಾಯಾಗ್ರಹಣದ, ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಜತೆಗೂಡಿ ನಡೆಸಿದ 4ಕೆ ಪುನರುಜ್ಜೀವನದ ನಂತರ 2024ರಲ್ಲಿ ವೆನಿಸ್ ಚಿತ್ರೋತ್ಸವದ ತೆರೆ ಕಂಡಿತು. ಅಷ್ಟು ದೊಡ್ಡ ತೆರೆಗೆ ಸಾಲುವ ವಿವರ 35 ಎಂಎಂ ಫಿಲ್ಮಿನಲ್ಲಿ ಇದ್ದೇ ಇತ್ತು. (ಟಿ.ವಿ. ಟೇಪನ್ನು ಹಿಗ್ಗಿಸಿ ‘ಎಚ್‌ಡಿ’ ಎಂದು ಮೊಹರು ಒತ್ತುವ ವ್ಯಾಪಾರ ಬೇರೆ. ಅದನ್ನು ಇಲ್ಲಿ ಎಳೆದು ತರಬಾರದು.)

ಅಗ್ಗದ ಡಿಸ್ಕನ್ನು ಆಕರವಾಗಿಸಿಕೊಂಡವರ ಇನ್ನೊಂದು ಅವಸರ ಅವಧಿಗೆ ಸಂಬಂಧಿಸಿದ್ದು. ಡಿಸ್ಕಿನಲ್ಲಿ ಚಿತ್ರ ನಾಲ್ಕೈದು ನಿಮಿಷ ಚಿಕ್ಕದಾಗಿದ್ದರೆ ಕತ್ತರಿ ಬಿದ್ದಿದೆ ಎಂದುಬಿಡುತ್ತಾರೆ. ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿದಿದ್ದ ‘ಸಂಸ್ಕಾರ’ದಂಥ ಚಿತ್ರದ ವಿಷಯದಲ್ಲಿ ಆ ಗುಮಾನಿ ಇನ್ನೂ ಸುಲಭ. ಆದರೆ ಥಿಯೇಟರಿನಲ್ಲಿ ಸೆಕೆಂಡಿಗೆ 24 ಫ್ರೇಮ್ ಓಡುವುದು ಪಾಲ್ ಡಿಸ್ಕಿನಲ್ಲಿ 25 ಓಡುತ್ತದೆ. 120 ನಿಮಿಷದ ಚಿತ್ರ ಒಂದು ಫ್ರೇಮೂ ನಷ್ಟವಾಗದೆ 115 ನಿಮಿಷಕ್ಕೆ ಮುಗಿಯುತ್ತದೆ. ಎನ್‌ಟಿಎಸ್‌ಸಿ ಡಿಸ್ಕಿನಲ್ಲೂ 24 ಫ್ರೇಮಿನ ಬ್ಲೂ-ರೇಯಲ್ಲೂ ಹೀಗಾಗದು. ಹಾಡುಗಳ ಗ್ರಾಮೊಫೋನ್ ರೆಕಾರ್ಡ್ ಸಿಕ್ಕರೆ ಶ್ರುತಿ ಹೋಲಿಸಿ ನೋಡಬಹುದು: ವೇಗ ಹೆಚ್ಚಿಸಿದ ಡಿಸ್ಕಿನಲ್ಲಿ ಅದು ಅರ್ಧ ಸ್ವರಕ್ಕೂ ತುಸು ಕಡಿಮೆ ಏರಿರುತ್ತದೆ. ಸಿಗದಿದ್ದರೆ ಪಾಲ್ ಡಿಸ್ಕಿನ ಒಟ್ಟು ಫ್ರೇಮ್ ಎಣಿಸಿ, 35 ಎಂಎಂ ಫಿಲ್ಮಿನ ಒಂದು ಮೀಟರಿನಲ್ಲಿರುವ ಫ್ರೇಮುಗಳ ಸಂಖ್ಯೆಯಾದ 52.5ರಿಂದ ಭಾಗಿಸಿ, ಬಂದ ಮೀಟರನ್ನು ಸೆನ್ಸಾರ್ ಪ್ರಮಾಣಪತ್ರದಲ್ಲಿ ನಮೂದಾದ ಉದ್ದದ ಪಕ್ಕದಲ್ಲಿಡಬೇಕು. ಆ ಎರಡು ಅಂಕಿ ಹೊಂದದೇ ಹೋದಾಗ ಕತ್ತರಿಯ ಮಾತು ಎತ್ತಲಿ.